ಚಿತ್ರಕಲಾ ಶಿಕ್ಷಕನ ನೌಕರಿ ಮಾಡುತ್ತಲೇ ನಿಸರ್ಗಚಿತ್ರ ಕಲಾವಿದನಾಗಿ ಬೆಳೆಯಲು ಸಾಧ್ಯವೇ?

ಮಕ್ಕಳಿಗೆ ಕಲಿಸುತ್ತ ಕುಳಿತರೆ ಸ್ವಂತ ಚಿತ್ರ ಹಿಂದೆ ಬೀಳುವುದಿಲ್ಲವೇ ಎಂದು ತಾವು ಕೇಳಿದ್ದೀರಿ. ಬಾಗಲಕೋಟೆ ಜಿಲ್ಲೆಯಲ್ಲಿ ಹತ್ತೊಂಬತ್ತು ವರ್ಷಗಳಿಂದ ಪ್ರೌಢಶಾಲೆಯ ಚಿತ್ರಕಲಾ ಶಿಕ್ಷಕನಾಗಿರುವ ನನ್ನ ಅನುಭವ ಬೇರೆಯೇ ಇದೆ. ಸಮಯ ಕಡಿಮೆಯಾಗುವುದು ನಿಜ, ಆದರೆ ಕಣ್ಣು ಚುರುಕಾಗುತ್ತದೆ.

ರಜೆಯ ದಿನಗಳಲ್ಲಿ ಮಕ್ಕಳನ್ನು ಬಾದಾಮಿಯ ಅಗಸ್ತ್ಯ ತೀರ್ಥದ ದಂಡೆಗೆ ಕರೆದೊಯ್ಯುತ್ತೇನೆ. ಕೆರೆಯ ಪೂರ್ವಕ್ಕಿರುವ ಭೂತನಾಥ ಗುಡಿಯ ಮೇಲೆ ಸಂಜೆಯ ಇಳಿಬಿಸಿಲು ನೇರವಾಗಿ ಬೀಳುವುದರಿಂದ, ಅದರ ಹಿಂದಿನ ಮರಳುಗಲ್ಲಿನ ಬಂಡೆಗಳು ಆಗ ಕೆಂಡದಂತೆ ಹೊಳೆಯುತ್ತವೆ. ಒಮ್ಮೆ ಎಂಟನೆಯ ತರಗತಿಯ ಹುಡುಗಿಯೊಬ್ಬಳು ಆ ಬಂಡೆಯ ಬಿರುಕಿಗೆ ಅಚ್ಚಗಪ್ಪು ಹಚ್ಚಿದಳು. ನೆರಳು ಕಪ್ಪಲ್ಲವೆಂದು ಉಪದೇಶಿಸುವ ಬದಲು, ರಟ್ಟಿಗೆ ಬೆರಳಗಲದ ತೂತು ಮಾಡಿ, ಅದರಿಂದ ಬಿರುಕನ್ನಷ್ಟೇ ನೋಡಲು ಹೇಳಿದೆ. ಬಹಳ ಹೊತ್ತು ನೋಡಿ, "ಸರ್, ನ್ಯಾರಲ ಹಣ್ಣಿನ ಬಣ್ಣ ಐತ್ರಿ" ಎಂದಳು, ಅಂದರೆ ನೇರಳೆ. ಬರ್ನ್ಟ್ ಸಿಯೆನ್ನಾ ಎಂಬ ಕೆಂಗಂದು ಬಣ್ಣಕ್ಕೆ ಅಲ್ಟ್ರಾಮರೀನ್ ನೀಲಿ ಬೆರೆಸಿ, ಬರುವ ಬೂದು ಬಣ್ಣವನ್ನೇ ನೆರಳಿಗೆ ವರ್ಷಗಟ್ಟಲೆ ರೂಢಿಯಿಂದ ಹಚ್ಚುತ್ತ ಬಂದಿದ್ದ ನಾನೂ ಅಂದು ಅದೇ ತೂತಿನಿಂದ ನೋಡಿದೆ. ಅವಳ ಮಾತು ಸರಿಯಾಗಿತ್ತು. ಆ ಮಿಶ್ರಣಕ್ಕೆ ಈಗ ಅಲಿಜರಿನ್ ಕ್ರಿಮ್ಸನ್ ಎಂಬ ಕಡುಗೆಂಪು ಒಂದಿಷ್ಟು ಸೇರಿಸುತ್ತೇನೆ.

ನೋವೂ ಉಂಟು. ನಾನು ಮೊದಲು ಕೆಲಸ ಮಾಡಿದ ಶಾಲೆಯೊಂದರಲ್ಲಿ ಪರೀಕ್ಷೆ ಹತ್ತಿರವಾದಂತೆ ಚಿತ್ರಕಲೆಯ ಅವಧಿಗಳೆಲ್ಲ ಗಣಿತಕ್ಕೆ ಹೋಗುತ್ತಿದ್ದವು. ಬಣ್ಣದ ಡಬ್ಬಿ ತಂದ ಮಕ್ಕಳು ಅದನ್ನು ಹಾಗೆಯೇ ಚೀಲಕ್ಕೆ ಸೇರಿಸುವುದನ್ನು ನೋಡಲಾಗುತ್ತಿರಲಿಲ್ಲ. ಆದರೂ ಈ ಎರಡು ಕೆಲಸಗಳು ಒಂದಕ್ಕೊಂದು ವೈರಿಗಳೆಂದು ನಾನು ಒಪ್ಪುವುದಿಲ್ಲ. ಬೆಳಗಾವಿಯ ಕೆ. ಬಿ. ಕುಲಕರ್ಣಿಯವರು ಭಾವಚಿತ್ರ, ನಿಸರ್ಗಚಿತ್ರ ಎರಡರಲ್ಲೂ ನುರಿತವರಾಗಿದ್ದು, ತಮ್ಮ 'ಚಿತ್ರಮಂದಿರ' ಕಲಾಶಾಲೆಯಲ್ಲಿ ಕಲಿಸುತ್ತಲೇ ಚಿತ್ರ ಬರೆದರು. ಮುಂದೆ ಹೆಸರಾಂತ ಕಲಾವಿದರಾದ ರವಿ ಪರಾಂಜಪೆ ಕಲಿತದ್ದು ಕುಲಕರ್ಣಿಯವರಲ್ಲಿಯೇ.

ಸಮಯದ ವಿಷಯದಲ್ಲಿ ಒಂದು ಮಾತು. ಶಾಲೆ ಬಿಟ್ಟ ಮೇಲೆ ಸಿಗುವುದು ಒಂದು ಗಂಟೆಯ ಬೆಳಕು, ಆದ್ದರಿಂದ ಅಂಗೈ ಎರಡರಷ್ಟು ಅಗಲದ ಸಣ್ಣ ಹಾಳೆಯನ್ನೇ ಆರಿಸಿಕೊಳ್ಳಿರಿ. ಜಲವರ್ಣವಾದರೆ, ನಮ್ಮ ಕಡೆಯ ಏಪ್ರಿಲ್ ಬಿಸಿಲಿನಲ್ಲಿ ಆಕಾಶದ ಬಣ್ಣ ಕೆಳಗಿಳಿಯುವಷ್ಟರಲ್ಲಿ ಮೇಲ್ಭಾಗ ಒಣಗಿ ಗೆರೆ ಬೀಳುತ್ತದೆ. 300 ಜಿಎಸ್‌ಎಂನ (ಚದರ ಮೀಟರಿಗೆ 300 ಗ್ರಾಂ ತೂಗುವ) ದಪ್ಪ ಕಾಗದದ ಹಿಂಬದಿಯನ್ನೂ ಚೆನ್ನಾಗಿ ನೆನೆಸಿ ಹಲಗೆಗೆ ಅಂಟಿಸಿದರೆ ಅದು ಹೆಚ್ಚು ಹೊತ್ತು ಹಸಿಯಾಗಿರುತ್ತದೆ, ಅಷ್ಟರಲ್ಲಿ ಬಂಡೆಯವರೆಗೂ ಬಣ್ಣ ಇಳಿಸಬಹುದು.