ಮೈಎಸ್‌ಕ್ಯೂಎಲ್‌ನ ಬೈಂಡ್-ಅಡ್ರೆಸ್ ಸಾಲಿಗೆ # ಹಾಕಿದರೆ ಮನೆಯಿಂದ ಕನೆಕ್ಟ್ ಆಗಬಹುದಾ?

ಕ್ಲೌಡ್‌ನಲ್ಲಿರುವ ಉಬುಂಟು ಸರ್ವರ್, ಅದರಲ್ಲಿ ಮೈಎಸ್‌ಕ್ಯೂಎಲ್ ಡೇಟಾಬೇಸ್. ಮನೆಯ ವಿಂಡೋಸ್ ಲ್ಯಾಪ್‌ಟಾಪಿನ ವರ್ಕ್‌ಬೆಂಚ್‌ನಿಂದ (ಮೈಎಸ್‌ಕ್ಯೂಎಲ್ ಟೇಬಲ್ ನೋಡುವ ಪ್ರೋಗ್ರಾಂ) ಹೋದರೆ 10061 ಎರರ್. ಕಾನ್ಫಿಗ್ ಫೈಲಿನ ಬೈಂಡ್-ಅಡ್ರೆಸ್ = 127.0.0.1 (ಆ ಮಷೀನಿನ ಒಳಗಿನಿಂದ ಮಾತ್ರ) ಅನ್ನೋ ಸಾಲನ್ನು 0.0.0.0 (ಮಷೀನಿನ ಎಲ್ಲ ಐಪಿವಿ4 ವಿಳಾಸ) ಮಾಡಲಾ, ಮನೆಯ ಐಪಿ ಹಾಕಲಾ, ಇಲ್ಲ ಮುಂದೆ # ಹಾಕಿ ಸಾಲನ್ನೇ ಲೆಕ್ಕಕ್ಕಿಲ್ಲದಂತೆ ಮಾಡಿಬಿಡಲಾ ಅಂತ ಕೇಳಿದ್ದೀರಿ. ಮೂರೂ ಬೇಡ. ಆ ಸಾಲನ್ನು ಮುಟ್ಟಲೇಬೇಡಿ. ನಾನು # ಹಾಕಿ ಅನುಭವಿಸಿದವನು.

ಶಿವಮೊಗ್ಗದ ಒಂದು ಅಡಿಕೆ ಮಂಡಿಗೆ ಲೆಕ್ಕದ ಸಾಫ್ಟ್‌ವೇರ್ ಬರೆದುಕೊಟ್ಟಿದ್ದೆ. ಯಾವ ರೈತರದು ಎಷ್ಟು ಚೀಲ, ರಾಶಿಯೋ ಬೆಟ್ಟೆಯೋ ಗೊರಬಲೋ, ಯಾವ ಲಾಟು ಎಷ್ಟಕ್ಕೆ ಹೋಯಿತು, ಅಡ್ವಾನ್ಸ್ ಎಷ್ಟು ಮುರಿದುಕೊಂಡರು, ಎಲ್ಲ ಅದರಲ್ಲೇ. ಒಮ್ಮೆ ಮನೆಯಿಂದಲೇ ಟೇಬಲ್‌ಗಳನ್ನು ಸರಿಮಾಡಬೇಕಾಗಿ ಬಂತು. ನಿಮ್ಮ ಹಾಗೇ ಹುಡುಕಿದೆ. ಎಲ್ಲ ಕಡೆ 0.0.0.0 ಮಾಡಿ ಅಂತಲೇ ಇತ್ತು, ಮಾಡಿದೆ. ಎಲ್ಲಿಂದ ಬೇಕಾದರೂ ಲಾಗಿನ್ ಆಗಲಿ ಅಂತ ಯೂಸರ್‌ಗೆ '%' ಹೋಸ್ಟ್ ಕೊಟ್ಟೆ. ಪಾಸ್‌ವರ್ಡ್ ಏನು ಗೊತ್ತಾ? ಮಂಡಿಯ ಹೆಸರು, ಹಿಂದೆ 123. ಕೆಲಸ ಮುಗಿಯಿತು. ಅಲ್ಲಿಗೆ ಸರಿಯಾಗಿ ಮುಚ್ಚಿದ್ದರೂ ಬಚಾವಾಗುತ್ತಿದ್ದೆ.

ಮುಚ್ಚುವಾಗಲೇ ಎಡವಟ್ಟಾಗಿದ್ದು. ಅದಕ್ಕೂ ಮೊದಲು ನಾನು ಕೆಲಸ ಮಾಡಿದ್ದೆಲ್ಲ ಪೋಸ್ಟ್‌ಗ್ರೆಸ್ ಅನ್ನೋ ಇನ್ನೊಂದು ಡೇಟಾಬೇಸ್‌ನಲ್ಲಿ. ಅದರ ಕಾನ್ಫಿಗ್ ಫೈಲ್ ತೆಗೆದರೆ #ಲಿಸನ್_ಅಡ್ರೆಸಸ್ = 'ಲೋಕಲ್‌ಹೋಸ್ಟ್' (ಅಂದರೆ ಆ ಮಷೀನೇ) ಅಂತ ಇರುತ್ತದೆ, ಮುಂದೆ # ಸಮೇತ. ನೀವು ಏನೂ ಹೇಳದಿದ್ದರೆ ಅದು ನಡೆದುಕೊಳ್ಳುವುದು ಹಾಗೆ, ಅದನ್ನೇ ಸುಮ್ನೆ ಬರೆದು ತೋರಿಸಿರುತ್ತಾರೆ. ಅಲ್ಲಿ ಏನಾದರೂ ಬದಲಾಯಿಸಿದ್ದರೆ, ಮತ್ತೆ # ಹಾಕಿ ರೀಸ್ಟಾರ್ಟ್ ಮಾಡಿದರೆ ಲೋಕಲ್‌ಹೋಸ್ಟ್‌ಗೆ ವಾಪಸ್. ಕೈಗೆ ಅದೇ ಅಭ್ಯಾಸ. ಮೈಎಸ್‌ಕ್ಯೂಎಲ್‌ನಲ್ಲೂ 0.0.0.0 ಸಾಲಿಗೆ # ಹಾಕಿದೆ, ರೀಸ್ಟಾರ್ಟ್ ಕೊಟ್ಟೆ, ಮುಚ್ಚಿತು ಅಂದುಕೊಂಡು ಮಲಗಿದೆ.

127.0.0.1 ಅನ್ನೋದು ಮೈಎಸ್‌ಕ್ಯೂಎಲ್‌ನ ಸ್ವಂತ ಡಿಫಾಲ್ಟ್ ಅಲ್ಲವೇ ಅಲ್ಲ. ಡೆಬಿಯನ್, ಉಬುಂಟುದವರು ಪ್ಯಾಕೇಜ್ ಮಾಡುವಾಗ ಫೈಲಿನಲ್ಲಿ ಬರೆದಿಟ್ಟ ಸಾಲು ಅದು. ಆ ಸಾಲು ಇಲ್ಲದಿದ್ದರೆ ಮೈಎಸ್‌ಕ್ಯೂಎಲ್ ತನ್ನೊಳಗಿನ ಡಿಫಾಲ್ಟ್ ಹಿಡಿಯುತ್ತದೆ. ವರ್ಷನ್ 5.7ರಲ್ಲೂ 8.0ರಲ್ಲೂ ಅದು '*'. ಅಂದರೆ ಮಷೀನಿಗೆ ಇರುವ ಎಲ್ಲ ವಿಳಾಸ, ಐಪಿವಿ6 ಇದ್ದರೆ ಅದೂ ಸೇರಿ. ನಾನು ಮುಚ್ಚಲು ಹೋಗಿ 0.0.0.0ಗಿಂತಲೂ ಜಾಸ್ತಿ ತೆರೆದಿದ್ದೆ! ಆ ಫೈಲಿನಲ್ಲಿ ಸಾಲಿನ ತಲೆಯ ಮೇಲೇ ಇಂಗ್ಲಿಷ್‌ನಲ್ಲಿ, ಈಗ ಲೋಕಲ್‌ಹೋಸ್ಟ್‌ನಲ್ಲಿ ಮಾತ್ರ ಕೇಳಿಸಿಕೊಳ್ಳುವುದೇ ಡಿಫಾಲ್ಟ್ ಎಂಬರ್ಥದ ಕಾಮೆಂಟ್ ಇದೆ. ಯಾರ ಡಿಫಾಲ್ಟ್ ಅಂತ ಬರೆದಿಲ್ಲ. ನಾನು ಅದನ್ನು ಓದಿಕೊಂಡೇ # ಹಾಕಿದ್ದು. 'ಸುಡೊ ಎಸ್‌ಎಸ್ -ಟಿಎಲ್‌ಎನ್‌ಪಿ' ಅಂತ, ಯಾವ ಪೋರ್ಟ್ ತೆರೆದಿದೆ ಎಂದು ತೋರಿಸುವ ಒಂದೇ ಒಂದು ಕಮಾಂಡ್ ಕೊಟ್ಟಿದ್ದರೆ *:3306 (3306 ಮೈಎಸ್‌ಕ್ಯೂಎಲ್‌ನ ಪೋರ್ಟ್) ಅಂತ ಕಣ್ಣಿಗೆ ಹೊಡೆಯುತ್ತಿತ್ತು. ಕೊಡಲಿಲ್ಲ.

ಸೋಮವಾರ ಬೆಳಿಗ್ಗೆ ಸಾಹುಕಾರರ ಫೋನು. "ಎಂಥಾಯ್ತು ಮಾರಾಯಾ, ಒಂದು ಲಾಟೂ ಕಾಣ್ತಿಲ್ಲ, ಟೆಂಡರ್‌ಗೆ ಹೊತ್ತಾಯ್ತು." ಲಾಗಿನ್ ಆಗಿ ನೋಡಿದರೆ ನಮ್ಮ ಟೇಬಲ್ ಒಂದೂ ಇಲ್ಲ. 'ವಾರ್ನಿಂಗ್' ಅನ್ನೋ ಹೊಸ ಟೇಬಲ್, ಅದರಲ್ಲಿ ಒಂದು ಸಾಲು, ಒಂದು ಬಿಟ್‌ಕಾಯಿನ್ ವಿಳಾಸ. ದುಡ್ಡು ಕಳಿಸಲಿಲ್ಲ. ಇಂಥವರಲ್ಲಿ ಎಷ್ಟೋ ಜನ ಡೇಟಾ ಇಟ್ಟುಕೊಂಡೇ ಇರುವುದಿಲ್ಲ, ಅಳಿಸಿ ಚೀಟಿ ಬಿಟ್ಟು ಹೋಗುತ್ತಾರೆ, ಅಷ್ಟೇ. ಬ್ಯಾಕಪ್ ಹಳೆಯದು. ಆಮೇಲಿನದನ್ನೆಲ್ಲ ಗುಮಾಸ್ತರು ಬಿಲ್ ಪುಸ್ತಕದ ಕಾರ್ಬನ್ ಕಾಪಿ ನೋಡಿ ಓದುವುದು, ನಾನು ಟೈಪ್ ಮಾಡುವುದು. ಮಾಸಿದ ಕಾರ್ಬನ್ನಿನಲ್ಲಿ 3 ಯಾವುದು 8 ಯಾವುದು ಅಂತ ಗೊತ್ತಾಗದೆ, ರೈತರಿಗೇ ಫೋನ್ ಮಾಡಿ ತೂಕ ಕೇಳಿದ್ದೂ ಇದೆ. ಮುಂದಿನ ಸೀಸನ್‌ಗೆ ಆ ಮಂಡಿಯವರು ಬೇರೆಯವರ ಸಾಫ್ಟ್‌ವೇರ್ ಹಾಕಿಸಿಕೊಂಡರು. ತಪ್ಪೇನಿಲ್ಲ ಬಿಡಿ.

ನಮ್ಮಂಥ ಸಣ್ಣ ಸರ್ವರ್ ಯಾರು ಹುಡುಕುತ್ತಾರೆ ಅನ್ನಬೇಡಿ. ಹುಡುಕುವುದು ಮನುಷ್ಯರಲ್ಲ, ಸ್ಕ್ರಿಪ್ಟು. 2017ರ ಜನವರಿಯಲ್ಲಿ ಸಾವಿರಾರು ಮೊಂಗೊಡಿಬಿ (ಇದೂ ಒಂದು ಡೇಟಾಬೇಸ್) ಸರ್ವರ್‌ಗಳನ್ನು ಹೀಗೇ ತೊಳೆದುಹಾಕಿದರು. ಅದೇ ವರ್ಷದ ಕೊನೆಗೆ ಬಂದ 3.6ರಲ್ಲಿ ಅವರೂ ಡಿಫಾಲ್ಟನ್ನು ಲೋಕಲ್‌ಹೋಸ್ಟ್ ಮಾಡಿದರು.

ಇನ್ನು ಮನೆ ಐಪಿ. ಬೈಂಡ್-ಅಡ್ರೆಸ್ ಹೇಳುವುದು ಯಾರು ಬರಬಹುದು ಅಂತಲ್ಲ, ಸರ್ವರ್ ತನ್ನ ಯಾವ ವಿಳಾಸದಲ್ಲಿ ಕಾಯಬೇಕು ಅಂತ. ನಿಮ್ಮ ಮನೆಯ ಐಪಿ ಆ ಮಷೀನಿನದಲ್ಲವಲ್ಲ, ಹಾಗಾಗಿ ಮೈಎಸ್‌ಕ್ಯೂಎಲ್ ಸ್ಟಾರ್ಟೇ ಆಗುವುದಿಲ್ಲ. ಎರರ್ ಲಾಗ್ ನೋಡಿದರೆ ಈ ವಿಳಾಸ ಹಿಡಿಯಲು ಆಗುತ್ತಿಲ್ಲ ಅಂತ ಗೊಣಗಿರುತ್ತದೆ.

ನನಗೆ ಜಾಸ್ತಿ ಹೆದರಿಕೆ ಆಗಿದ್ದು ನಿಮ್ಮ 10061 ನೋಡಿ. ಫೈರ್‌ವಾಲ್ ತಡೆದಿದ್ದರೆ ಸಾಮಾನ್ಯವಾಗಿ ತುಂಬಾ ಹೊತ್ತು ಸುತ್ತಿ 10060 ಬರುತ್ತದೆ. 10061 ಅಂದರೆ ಮಷೀನ್‌ವರೆಗೂ ತಲುಪಿದ್ದೀರಿ, ಅಲ್ಲಿ ಕೇಳುವವರಿಲ್ಲ ಅಷ್ಟೇ. ಬಹುಶಃ ಕ್ಲೌಡ್ ಕನ್ಸೋಲ್‌ನಲ್ಲಿ 3306 ಆಗಲೇ ತೆರೆದಿದ್ದೀರಿ. ಈಗ ಎದ್ದು ಹೋಗಿ ಅದನ್ನು ಮುಚ್ಚಿ, ಆಮೇಲೆ ಮುಂದಕ್ಕೆ ಓದಿ.

ವರ್ಕ್‌ಬೆಂಚ್‌ನಲ್ಲಿ ಹೊಸ ಕನೆಕ್ಷನ್ ಮಾಡುವಾಗ ಕನೆಕ್ಷನ್ ಮೆಥಡ್ ಅಂತ ಒಂದು ಪಟ್ಟಿ ಇದೆ, ಯಾರೂ ಅದನ್ನು ಬಿಚ್ಚಿ ನೋಡುವುದಿಲ್ಲ. ಅದರಲ್ಲಿ 'ಸ್ಟ್ಯಾಂಡರ್ಡ್ ಟಿಸಿಪಿ/ಐಪಿ ಓವರ್ ಎಸ್‌ಎಸ್‌ಎಚ್' ಆರಿಸಿ (ಎಸ್‌ಎಸ್‌ಎಚ್ ಅಂದರೆ ಸರ್ವರ್‌ಗೆ ದೂರದಿಂದ ಭದ್ರವಾಗಿ ಲಾಗಿನ್ ಆಗುವ ದಾರಿ). ಎಸ್‌ಎಸ್‌ಎಚ್ ಹೋಸ್ಟ್ ಜಾಗದಲ್ಲಿ ಸರ್ವರ್‌ನ ಐಪಿ, ನಿಮ್ಮ ಲಾಗಿನ್ ಹೆಸರು, ಕೀ ಫೈಲ್. ಮೈಎಸ್‌ಕ್ಯೂಎಲ್ ಹೋಸ್ಟ್ ಜಾಗದಲ್ಲಿ 127.0.0.1, ಪೋರ್ಟ್ 3306. ಸರ್ವರ್ ಲೆಕ್ಕದಲ್ಲಿ ನೀವು ಒಳಗಿನಿಂದಲೇ ಬಂದವರು, ಹಾಗಾಗಿ '%' ಯೂಸರ್ ಕೂಡ ಬೇಡ. ಆಗಲೇ ಮಾಡಿಟ್ಟಿದ್ದರೆ ಡ್ರಾಪ್ ಮಾಡಿ.

ಆಪ್ ಬೇರೆ ಮಷೀನಿನಲ್ಲಿದ್ದರೆ ಮಾತ್ರ ಆ ಸಾಲಿಗೆ ಕೈ ಹಾಕಬೇಕಾದೀತು. ಆಗಲೂ ಸರ್ವರ್‌ನ ಪ್ರೈವೇಟ್ ಐಪಿಯನ್ನಷ್ಟೇ (ಒಳಗಿನ ನೆಟ್‌ವರ್ಕಿನ ವಿಳಾಸ) ಸೇರಿಸಿ. 8.0.13ರಿಂದ ಈಚೆಗೆ ಕಾಮಾ ಹಾಕಿ ಎರಡು ವಿಳಾಸ ಕೊಡಬಹುದು. ಡಾಕರ್‌ನಲ್ಲಿ (ಪ್ರೋಗ್ರಾಂಗಳನ್ನು ಬೇರೆ ಬೇರೆ ಡಬ್ಬಿಗಳಲ್ಲಿ ಓಡಿಸುವ ಸಾಧನ) ಓಡಿಸುತ್ತಿದ್ದರೆ ಪೋರ್ಟನ್ನು ಬರೀ 3306:3306 ಅಂತ ಕೊಡಬೇಡಿ, 127.0.0.1:3306:3306 ಅಂತ ಕೊಡಿ. ಮೊದಲಿನ ಥರ ಕೊಟ್ಟರೆ ಅದು ಉಬುಂಟುವಿನ ಯುಎಫ್‌ಡಬ್ಲ್ಯೂ ಫೈರ್‌ವಾಲನ್ನೂ ದಾಟಿಕೊಂಡು ಹೊರಗೆ ತೆರೆದುಕೊಳ್ಳುತ್ತದೆ, ಸ್ಟೇಟಸ್ ನೋಡಿದರೆ ಎಲ್ಲ ಮುಚ್ಚಿದ ಹಾಗೇ ತೋರಿಸುತ್ತಿರುತ್ತದೆ.