ಹೊರಗೆ ಹೋಗದೆ ಕ್ಷೀರಪಥದ ಆಕಾರ ತಿಳಿಯುವುದು ಹೇಗೆ?

ಪ್ರಶ್ನೆ: ಕ್ಷೀರಪಥದ ಫೋಟೊವನ್ನು ಹೊರಗಿನಿಂದ ಯಾರೂ ತೆಗೆದಿಲ್ಲ. ನಕ್ಷತ್ರಗಳಲ್ಲಿ ಯಾವ ಧಾತು ಎಷ್ಟಿದೆ ಎಂಬುದರಿಂದ ಅದರ ತಟ್ಟೆಯ ಆಕಾರ ಹೇಗೆ ತಿಳಿಯುತ್ತದೆ? (ಡೊಂಬಿವಲಿ)

ಉತ್ತರ: ಇಲ್ಲಿ ಪುಣೆಯಲ್ಲಿ ಯಾವ ಕನ್ನಡ ಸಂಘಕ್ಕೆ ಹೋದರೂ ಈ ಪ್ರಶ್ನೆಯ ಮೊದಲರ್ಧ ಎದುರಾಗುತ್ತದೆ, ‘ಹಾಗಾದರೆ ಎಲ್ಲವೂ ಊಹೆ’ ಎಂಬ ನಗುವಿನೊಂದಿಗೆ. ನೀವು ಉಳಿದರ್ಧವನ್ನೂ ಕೇಳಿದ್ದೀರಿ. ರೋಹಿತದಿಂದ, ಅಂದರೆ ಬಣ್ಣಬಣ್ಣವಾಗಿ ಬಿಡಿಸಿದ ಬೆಳಕಿನಿಂದ, ಧಾತು ಗುರುತಿಸುವುದು ಶಾಲೆಯ ಪಾಠ, ಅದನ್ನು ಬಿಡುತ್ತೇನೆ.

ನಕ್ಷತ್ರ ಎಲ್ಲಿದೆ ಎಂಬುದನ್ನು ಗಾಯಾ ಉಪಗ್ರಹ ಅಳೆದಿದೆ. ಆದರೆ ಎಲ್ಲವನ್ನೂ ಒಂದೇ ರಾಶಿಯಾಗಿ ನೋಡಿದರೆ ಆಕಾರಗಳು ಕಲಸಿಹೋಗುತ್ತವೆ. ನಕ್ಷತ್ರದ ಕಕ್ಷೆ ಕಾಲಕ್ರಮೇಣ ಬದಲಾಗುತ್ತದೆ. ಆದರೆ ಅದು ಹುಟ್ಟಿದ ಅನಿಲದ ಗುರುತು, ಅಂದರೆ ಯಾವ ಧಾತು ಎಷ್ಟಿತ್ತು ಎಂಬುದು, ಬಹುಮಟ್ಟಿಗೆ ಅಳಿಯುವುದಿಲ್ಲ. (ಮುಪ್ಪಿನಲ್ಲಿ ಉಬ್ಬಿದ ನಕ್ಷತ್ರಗಳಾದ ಕೆಂಪು ದೈತ್ಯಗಳಲ್ಲಿ ಇಂಗಾಲವನ್ನು ನಂಬಬೇಡಿ, ಅದು ಒಳಗೇ ಬದಲಾಗುತ್ತದೆ.) ಮೆಗ್ನೀಸಿಯಮ್ ಭಾರೀ ನಕ್ಷತ್ರಗಳ ಸ್ಫೋಟದಿಂದ ಬೇಗ ಬರುತ್ತದೆ. ಕಬ್ಬಿಣದ ದೊಡ್ಡ ಪಾಲು ಬರುವುದು ಶ್ವೇತಕುಬ್ಜಗಳು (ಸೂರ್ಯನಂಥ ನಕ್ಷತ್ರಗಳು ಸತ್ತ ಮೇಲೆ ಉಳಿಯುವ ಗಟ್ಟಿ ತಿರುಳುಗಳು) ಸಿಡಿದ ಮೇಲೆ, ಬಹಳ ತಡವಾಗಿ. ಹಾಗಾಗಿ ಕಬ್ಬಿಣಕ್ಕೆ ಹೋಲಿಸಿದರೆ ಮೆಗ್ನೀಸಿಯಮ್ ಹೆಚ್ಚಿರುವ ನಕ್ಷತ್ರಗಳು ಸಾಮಾನ್ಯವಾಗಿ ಹಳೆಯವು.

ಈಗ ಮೆಗ್ನೀಸಿಯಮ್ ಹೆಚ್ಚಿರುವ, ಕಡಿಮೆಯಿರುವ ಎರಡು ಗುಂಪುಗಳನ್ನೂ ಬೇರೆಬೇರೆಯಾಗಿ ನಕ್ಷೆಗೆ ಹಾಕಿ. ಮೆಗ್ನೀಸಿಯಮ್ ಹೆಚ್ಚಿರುವವು ದಪ್ಪನಾಗಿ ಹರಡಿವೆ, ಆದರೆ ಕೇಂದ್ರದ ಕಡೆಗೇ ಒತ್ತಾಗಿವೆ. ಸೂರ್ಯನ ಕಕ್ಷೆಯಾಚೆ ವಿರಳ. ಕಡಿಮೆಯಿರುವವು ನಮ್ಮ ಬಳಿ ತೆಳ್ಳಗಿದ್ದು, ಬಹುದೂರ ಚಾಚಿ, ಅಂಚಿನಲ್ಲಿ ತುತ್ತೂರಿಯ ಬಾಯಂತೆ ದಪ್ಪಗಾಗುತ್ತವೆ. ಅಂದರೆ ಅಂಚಿನ ದಪ್ಪ ಈ ಕಿರಿಯ ಗುಂಪಿನದು. 1983ರಲ್ಲಿ ಖಗೋಳಜ್ಞರಾದ ಗಿಲ್ಮೋರ್ ಮತ್ತು ರೀಡ್ ಬರೀ ನಕ್ಷತ್ರಗಳ ಎಣಿಕೆಯಿಂದ ಕಂಡ ‘ದಪ್ಪ ತಟ್ಟೆ’ ಎಲ್ಲೆಡೆಯೂ ಹಳೆಯ ನಕ್ಷತ್ರಗಳದ್ದಲ್ಲ ಎಂಬುದು ಹೀಗೆ ಗೊತ್ತಾಯಿತು. ಒಂದರೊಳಗೊಂದು ಎರಡು ತಟ್ಟೆ ಬರೆದು ಕೈತೊಳೆದುಕೊಳ್ಳುವ ಗೈಡುಗಳನ್ನು ದಯವಿಟ್ಟು ಮುಚ್ಚಿಡಿ.

ಒಂದು ಎಚ್ಚರಿಕೆ. ದೂಳು ಕವಿದ ಕಡೆ ಕಡಿಮೆ ನಕ್ಷತ್ರ ಕಂಡರೆ ಅಲ್ಲಿ ಕಡಿಮೆ ಇವೆ ಎಂದರ್ಥವಲ್ಲ. ನಕ್ಷತ್ರಗಳ ಧಾತು ಅಳೆದ ಅಪೋಜಿ ಸಮೀಕ್ಷೆ ನ್ಯೂ ಮೆಕ್ಸಿಕೊ, ಚಿಲಿಗಳಿಂದ ಅವಕೆಂಪು ಬೆಳಕಿನಲ್ಲಿ ನೋಡಿದ್ದು ಈ ದೂಳನ್ನು ದಾಟಲೆಂದೇ. ಆದರೂ ಯಾವ ನಕ್ಷತ್ರಗಳನ್ನು ಆರಿಸಿದರು, ಯಾವುದನ್ನು ಬಿಟ್ಟರು ಎಂಬ ಲೆಕ್ಕವಿಲ್ಲದ ನಕ್ಷೆಯನ್ನು ನಾನು ನಂಬುವುದಿಲ್ಲ.

ಪ್ರಶ್ನೆ: ಜನ್ಮನಕ್ಷತ್ರದ ಲೋಹದ ಉಂಗುರ ಧರಿಸಬೇಕಂತೆ. ರೋಹಿಣಿಗೆ ಯಾವುದು? (ಪಿಂಪ್ರಿ)

ಉತ್ತರ: ರೋಹಿಣಿಯ ಹೊರಪದರದ ತೂಕದ ಹೆಚ್ಚಿನ ಪಾಲು ಜಲಜನಕ. ಉಂಗುರ ಮಾರಿದವರಿಂದ ಹಣ ವಾಪಸ್ ಪಡೆಯಿರಿ.

ಪ್ರಶ್ನೆ: ವಾಟ್ಸಾಪಿನಲ್ಲಿ ಬಂದ ಕ್ಷೀರಪಥದ ಸುರುಳಿಯ ಫೋಟೊ ಅಸಲಿಯೇ? (ಮಡಗಾಂವ್)

ಉತ್ತರ: ಅಲ್ಲ. ಅದು ಚಿತ್ರಕಾರರ ಕೈಕೆಲಸ, ಇಲ್ಲವೇ ಬೇರೆ ಗೆಲಾಕ್ಸಿ.

ಪ್ರಶ್ನೆ: ದಾದರಿನ ತಾರಸಿಯಿಂದ ಕ್ಷೀರಪಥ ನೋಡಲು ಯಾವ ದೂರದರ್ಶಕ ಕೊಳ್ಳಲಿ? (ಮುಂಬೈ)

ಉತ್ತರ: ಯಾವುದೂ ಬೇಡ. ಮಳೆಗಾಲ ಮುಗಿದ ಮೇಲೆ ಅಮಾವಾಸ್ಯೆಯ ಆಸುಪಾಸಿನಲ್ಲಿ, ಊರಿನ ದೀಪಗಳಿಂದ ದೂರ, ಘಟ್ಟದ ಕಡೆ ಹೋಗಿ, ಬರಿಗಣ್ಣು ಸಾಕು.