ಕಬ್ಬಿಣದ ದೋಣಿ: ಹಲಗೆ ಹಾಕುವ ಮುನ್ನ

ಪ್ರಶ್ನೆ: ನಾರಾಯಣಪುರ ಜಲಾಶಯದಲ್ಲಿ ಮೀನು ಹಿಡಿಯುವ ನಮ್ಮ ಕಬ್ಬಿಣದ ದೋಣಿ 20 ಅಡಿ ಉದ್ದ, 5 ಅಡಿ ಅಗಲ, ತಳದ ತಗಡು 3 ಮಿ.ಮೀ. ಒಳಗಿನ ಪ್ಲೈವುಡ್ ಕೊಳೆತಿದೆ, ಕಿತ್ತು ನೋಡಿದರೆ ಅಡಿಯಲ್ಲಿ ಪದರು ಪದರಾಗಿ ಜಂಗು. ರೆಡ್ ಆಕ್ಸೈಡ್ ಬಳಿದು, ಡಾಂಬರು ಸುರಿದು, ಮೇಲೆ ಚೆಕರ್ ಪ್ಲೇಟ್ (ಉಬ್ಬುಗೆರೆಯ ಕಬ್ಬಿಣದ ತಗಡು) ವೆಲ್ಡ್ ಮಾಡಿಸಬಹುದೇ?
— ಓದುಗರು, ಹುಣಸಗಿ

ಉತ್ತರ: ಮೂರೂ ಬೇಡ. ರೆಡ್ ಆಕ್ಸೈಡ್ ನಿಂತ ನೀರಲ್ಲಿ ಮೆತ್ತಗಾಗಿ ಏಳುತ್ತದೆ. ತುಕ್ಕಿನ ಮೇಲಿನ ಡಾಂಬರು ಅಡಿಯಲ್ಲಿ ತೇವ ಹಿಡಿದಿಡುತ್ತದೆ. ತಗಡು ತೂತಾಗುವವರೆಗೂ ಕಣ್ಣಿಗೆ ಬೀಳುವುದಿಲ್ಲ. ಚೆಕರ್ ಪ್ಲೇಟ್ ವೆಲ್ಡ್ ಮಾಡಿದರೆ ಮತ್ತೆ ಬಿಚ್ಚಿ ನೋಡುವಂತಿಲ್ಲ, ಭಾರವೂ ಜಾಸ್ತಿ: 8 ಚದರ ಮೀಟರಿಗೆ 3 ಮಿ.ಮೀ. ಪ್ಲೇಟ್ ಸುಮಾರು 200 ಕಿಲೊ, 12 ಮಿ.ಮೀ. ಪ್ಲೈವುಡ್ 70 ಕಿಲೊ.

ಪೆಟ್ರೋಲ್ ಟ್ಯಾಂಕು, ಥರ್ಮಾಕೋಲ್ ಹೊರಗೆ ತೆಗೆಯಿರಿ. ಮೀನಿನ ಲೋಳೆ, ಎಣ್ಣೆಯನ್ನು ಸೋಪುನೀರಿನಿಂದ ಮೊದಲೇ ತೊಳೆಯಬೇಕು; ಇಲ್ಲದಿದ್ದರೆ ತಂತಿ ಬ್ರಷ್ಷು ಅದನ್ನೇ ಕುಳಿಗಳಿಗೆ ತಿಕ್ಕುತ್ತದೆ. ಪದರು ತುಕ್ಕನ್ನು ಸುತ್ತಿಗೆ, ಉಳಿಯಿಂದ ಉದುರಿಸಿ, ಗ್ರೈಂಡರಿಗೆ ಕಪ್ ಬ್ರಷ್ ಹಾಕಿ ಉಜ್ಜಿ. ಕನ್ನಡಕ, ಮಾಸ್ಕ್ ಇರಲಿ. ಈಗ ಸಣ್ಣ ಸುತ್ತಿಗೆಯಿಂದ ತಗಡನ್ನೆಲ್ಲ ತಟ್ಟಿ ನೋಡಿ. ಖಣಖಣ ಎನ್ನುವಲ್ಲಿ ಚಿಂತೆಯಿಲ್ಲ. ಮಂದ ಸದ್ದು ಬರುವಲ್ಲಿ, ತಗ್ಗು ಬೀಳುವಲ್ಲಿ ಸಣ್ಣ ತೂತು ಕೊರೆದು ದಪ್ಪ ಅಳೆಯಿರಿ. 2 ಮಿ.ಮೀ.ಗಿಂತ ಕಡಿಮೆ ಉಳಿದಿದ್ದರೆ ಆ ಭಾಗ ಕತ್ತರಿಸಿ ಹೊಸ ತಗಡು ಕೂಡಿಸಿ. ಹಳೆಯದರ ಮೇಲೇ ಪ್ಯಾಚ್ ಇಟ್ಟರೆ ಎರಡರ ನಡುವೆ ತೇವ ಕೂತು ಮತ್ತೆ ತಿನ್ನುತ್ತದೆ. 2.5 ಮಿ.ಮೀ. ರಾಡಿನಲ್ಲಿ, ಜಾಗ ಬದಲಿಸುತ್ತ ಒಂದೊಂದು ಇಂಚು ವೆಲ್ಡ್ ಮಾಡಿಸಿ; ಒಂದೇ ಸಮನೆ ಎಳೆದರೆ ತಗಡು ಸೊಟ್ಟಾಗುತ್ತದೆ. ಬೆಸುಗೆಯ ಹೊರಗಡೆ ಸುಣ್ಣ ಬಳಿದು ಒಣಗಿಸಿ, ಒಳಗಿನಿಂದ ಡೀಸೆಲ್ ಹಚ್ಚಿ. ಸುಣ್ಣದಲ್ಲಿ ಕಲೆ ಮೂಡಿದರೆ ಅಲ್ಲಿ ಸೋರಿಕೆ. ಪೇಂಟಿಗೆ ಮುಂಚೆ ಆ ಡೀಸೆಲ್ಲನ್ನು ಪೂರ್ತಿ ತೊಳೆದು ತೆಗೆಯಿರಿ.

ಹಲಗೆ ಕೂರುವ ಅಡ್ಡ ಆಂಗಲ್‌ಗಳ ಬುಡದಲ್ಲಿ ನೀರು ಹರಿಯುವ ಕಂಡಿ ಇದೆಯೇ ನೋಡಿ. ನಿಮ್ಮ ಪ್ಲೈವುಡ್ ಕೊಳೆತದ್ದೂ ತಗಡು ತುಕ್ಕು ಹಿಡಿದದ್ದೂ ಬಹುಶಃ ಇದರಿಂದಲೇ: ಕಂಡಿ ಇಲ್ಲ, ಇಲ್ಲವೇ ಕೆಸರು, ಬಲೆಯ ಚೂರು ತುಂಬಿದೆ. ಕೈಬೆರಳು ತೂರುವಷ್ಟು, ಅಂದರೆ 20–25 ಮಿ.ಮೀ. ಕಂಡಿ ಪ್ರತಿ ಆಂಗಲ್ಲಿಗೂ ಬೇಕು.

ಕೈಯಿಂದ ಉಜ್ಜಿದ ತಗಡಿಗೆ ಝಿಂಕ್ ರಿಚ್ (ಸತುವಿನ ಪುಡಿ ಹೆಚ್ಚಿರುವ) ಪ್ರೈಮರ್ ನಿಲ್ಲುವುದಿಲ್ಲ, ಅದಕ್ಕೆ ಮರಳು ಬ್ಲಾಸ್ಟಿಂಗ್, ಅಂದರೆ ಗಾಳಿಯ ರಭಸದಲ್ಲಿ ಮರಳು ಹೊಡೆದು ಉಜ್ಜುವುದು, ಆಗಬೇಕು. ಸರ್ಫೇಸ್ ಟಾಲರಂಟ್ (ಕೈಯಿಂದ ಉಜ್ಜಿದ ಮೈಗೂ ಹಿಡಿಯುವಂಥದ್ದು) ಎಂದು ಬರೆದಿರುವ, ಎರಡು ಡಬ್ಬಿಯದನ್ನು ಕಲಸಿ ಹಚ್ಚುವ ಎಪಾಕ್ಸಿ ಪೇಂಟ್ ಕೊಳ್ಳಿ. 14 ಚದರ ಮೀಟರಿಗೆ ಎರಡು ಕೋಟ್ ಹಚ್ಚಲು ಸುಮಾರು 6 ಲೀಟರ್. ಅಂಚು, ಬೆಸುಗೆಗಳಿಗೆ ಮೊದಲು ಬ್ರಷ್ಷಿನಿಂದ ಒಂದು ಕೈ ಹೆಚ್ಚಿಗೆ ಹಚ್ಚಿ. ಮಿರಗಕ್ಕೆ ಮುಂಚೆ ಮುಗಿಸಿ, ಆದರೆ ನಮ್ಮ ಬೇಸಿಗೆಯ ಮಧ್ಯಾಹ್ನ ಬೇಡ: ಸುಡುವ ತಗಡಿನ ಮೇಲೆ ಪೇಂಟಿನಲ್ಲಿ ಸೂಜಿತೂತು ಬೀಳುತ್ತವೆ, ಕಲಸಿದ್ದು ಡಬ್ಬಿಯಲ್ಲೇ ಗಟ್ಟಿಯಾಗುತ್ತದೆ. ಇಬ್ಬನಿ ಆರಿದ ಬೆಳಿಗ್ಗೆ, ಅರ್ಧರ್ಧ ಲೀಟರ್ ಕಲಸಿಕೊಳ್ಳಿ.

ಒಳಗೆ ಹಾಸುವ ಹಲಗೆಗೆ ಐ.ಎಸ್. 710 ಗುರುತಿನ ಮರೈನ್ ಪ್ಲೈವುಡ್ 8×4 ಅಡಿಯ ಮೂರು ಶೀಟು ಸಾಕು. ಆಂಗಲ್‌ಗಳ ಅಂತರ ಒಂದೂವರೆ ಅಡಿ ಇದ್ದರೆ 12 ಮಿ.ಮೀ., ಎರಡು ಅಡಿಯಾದರೆ 18. ಕತ್ತರಿಸಿದ ಅಂಚಿಗೂ ಬೋಲ್ಟಿನ ತೂತಿನೊಳಗೂ ಎಪಾಕ್ಸಿ ಕುಡಿಸಿ. ಕೊಳೆಯುವುದು ಶುರುವಾಗುವುದೇ ಅಲ್ಲಿಂದ. ಆಂಗಲ್ ಮೇಲೆ ರಬ್ಬರ್ ಪಟ್ಟಿಯಿಟ್ಟು ಬೋಲ್ಟ್ ಮಾಡಿ, ನಡುವಿನ ಹಲಗೆ ಮಾತ್ರ ಕೈಯಿಂದಲೇ ಎತ್ತುವಂತಿರಲಿ. ಥರ್ಮಾಕೋಲನ್ನು ತಪ್ಪದೆ ವಾಪಸ್ ಇಡಿ, ನೀರು ತುಂಬಿದ ಕಬ್ಬಿಣದ ದೋಣಿ ಅದಿಲ್ಲದೆ ಮುಳುಗುತ್ತದೆ. ಆದರೆ ತಗಡಿಗೆ ತಾಗದಂತೆ, ಪೆಟ್ರೋಲ್ ಬೀಳದಂತೆ ಇಡಿ. ಪೆಟ್ರೋಲಿಗೆ ಅದು ಕರಗುತ್ತದೆ.

ಪ್ರಶ್ನೆ: ಕಾರಂಜಾ ಜಲಾಶಯದ ದೋಣಿಗೆ ಝಿಂಕ್ ಆನೋಡ್ ಕಟ್ಟಿದರೆ ತುಕ್ಕು ನಿಲ್ಲುತ್ತದೆಯೇ?
— ಓದುಗರು, ಬೀದರ್

ಉತ್ತರ: ಆನೋಡ್ ಎಂದರೆ ತಾನೇ ಸವೆದು ಕಬ್ಬಿಣವನ್ನು ಕಾಯುವ ಲೋಹದ ಗಟ್ಟಿ. ಝಿಂಕ್ ಸಮುದ್ರಕ್ಕೆ ಸರಿ, ಸಿಹಿನೀರಿಗೆ ಮೆಗ್ನೀಸಿಯಂ ಬೇಕು. ಬರಿ ಲೋಹಕ್ಕೆ ಬಿಗಿಯಾಗಿ ಬೋಲ್ಟ್ ಮಾಡಿ, ಅದರ ಮೇಲೆ ಪೇಂಟ್ ಹಚ್ಚಬೇಡಿ. ಕಾಯುವುದು ನೀರಲ್ಲಿ ಮುಳುಗಿದ ಹೊರಮೈಯನ್ನಷ್ಟೇ, ದೋಣಿಯೊಳಗಿನ ತುಕ್ಕಿಗೆ ಅದರಿಂದ ಉಪಯೋಗವಿಲ್ಲ.